ಕೊಂಬಿನ ಹಕ್ಕಿಗೆ ಅಧಿಕ ಮಾಸವಿಲ್ಲ

ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಗೆ ಬೆನ್ನು ಹಾಕಿ ಕೂತ ಹಳೆಯ ಮನೆಗಳ ಸಾಲೊಂದಿದೆ. ಆ ಸಾಲಿನ ಕೊನೆಯ ಮನೆ ಗೋದಾಬಾಯಿಯದು. ವಯಸ್ಸು ಎಪ್ಪತ್ತೆರಡು. ಗಂಡ ವಿಠಲ ರೈಲ್ವೆಯಲ್ಲಿ ಸಿಗ್ನಲ್ ಎಳೆಯುವ ಕ್ಯಾಬಿನ್‌ಮನ್ ಆಗಿದ್ದವನು, ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅವಳ ಓದು ಹುಮನಾಬಾದ್ ಕಡೆಯ ಹಳ್ಳಿಯ ಸಾಲೆಯಲ್ಲಿ ಎರಡನೇ ಇಯತ್ತೆಗೇ ನಿಂತಿತು. ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾಳೆ, ತೆಲುಗು ಮಾತಾಡುತ್ತಾಳೆ, ಹಿಂದಿಯಲ್ಲಿ ಬೈಯುತ್ತಾಳೆ. ಅವಳ ಲೆಕ್ಕದಲ್ಲಿ ನೂರು ಜನರಲ್ಲಿ ತೊಂಬತ್ತು ಜನ ದಡ್ಡರು, ಉಳಿದ ಹತ್ತು ಜನ ಓದಿದ ದಡ್ಡರು. ಈ ಲೆಕ್ಕ ತಪ್ಪು ಎಂದು ತೋರಿಸಿಕೊಟ್ಟವರು ಕಾಲೊನಿಯಲ್ಲಿ ಇನ್ನೂ ಯಾರೂ ಇಲ್ಲ.

ಮನೆಗಳ ಹಿಂದೆ ಎರಡೆಕರೆಯಷ್ಟು ತೋಪು. ಬೇವು, ಹುಣಸೆ, ನೇರಳೆ, ನಡುವೆ ಒಂದು ದೊಡ್ಡ ಅರಳಿ ಮರ. ನಿಜಾಮನ ಕಾಲದ್ದೆಂದು ಕೆಲವರು ಹೇಳುತ್ತಾರೆ. ನಿಜಾಮನ ಕಾಲದ್ದಲ್ಲದ ವಸ್ತು ಹೈದರಾಬಾದಿನಲ್ಲಿ ಯಾವುದಿದೆ ಎಂದು ಗೋದಾಬಾಯಿ ಕೇಳುತ್ತಾಳೆ. ಬೆಳಿಗ್ಗೆ ಐದೂವರೆಗೆ ಚಹಾದ ಬಟ್ಟಲು ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂತರೆ ಏಳೂವರೆಯ ತನಕ ಏಳುವುದಿಲ್ಲ. ಅವಳ ಕಣ್ಣು ಇರುವುದು ಗೋಡೆಯ ಪಕ್ಕದ ಬೇವಿನ ಮೇಲೆ. ಆ ಬೇವಿನ ದೊಡ್ಡ ಕೊಂಬೆಯೊಂದು ಗೋಡೆ ದಾಟಿ ರಸ್ತೆಯ ಕರೆಂಟ್ ತಂತಿಯ ಮೇಲೆ ಬಾಗಿದೆ. ಕೊಂಬೆ ಕಾಂಡಕ್ಕೆ ಕೂಡುವ ಜಾಗದಲ್ಲಿ ಪೊಟರೆ. ಅದರಲ್ಲಿ ಪ್ರತಿ ಬೇಸಿಗೆ ಒಂದು ಜೋಡಿ ಮಂಗಟ್ಟೆ ಹಕ್ಕಿ ಸಂಸಾರ ಹೂಡುತ್ತದೆ. ಬೂದಿ ಬಣ್ಣದ ಮೈ, ದೊಡ್ಡ ಬಾಗಿದ ಕೊಕ್ಕು, ಕೊಕ್ಕಿನ ಮೇಲೊಂದು ಸಣ್ಣ ಕೊಂಬು. ಗೋದಾಬಾಯಿ ಅದನ್ನು ಕೊಂಬಿನ ಹಕ್ಕಿ ಎನ್ನುತ್ತಾಳೆ.

ಈ ಹಕ್ಕಿಯ ಬಾಣಂತನ ಬೇರೆ ಹಕ್ಕಿಗಳ ಹಾಗಲ್ಲ. ಹೆಣ್ಣು ಪೊಟರೆಯೊಳಗೆ ಹೊಕ್ಕು, ಮಣ್ಣು ಹಿಕ್ಕೆ ಕಲಸಿ ಬಾಯಿಗೆ ಗೋಡೆ ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಮೊಟ್ಟೆ ಇಟ್ಟು, ಕಾವು ಕೊಟ್ಟು, ಮರಿ ಮಾಡುವ ತನಕ ಒಳಗೇ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ತುರುಕಿ ಹೋಗುತ್ತದೆ. ಹೊರಗಿನಿಂದ ನೋಡುವವನಿಗೆ ಅದೊಂದು ಮುಚ್ಚಿಹೋದ ತೂತು, ಅಷ್ಟೇ.

ಗೋದಾಬಾಯಿಯ ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತದೆ. ಮಳೆ ಬಿದ್ದ ದಿನಕ್ಕೆ ಅರಿಶಿನದ ಬೊಟ್ಟು. ಅರಳಿಯ ಕಾಯಿ ಜೋಳದ ಕಾಳಿನಷ್ಟಾದ ದಿನಕ್ಕೆ ಕಾಡಿಗೆಯ ಬೊಟ್ಟು. ಹೆಣ್ಣು ಗೋಡೆ ಮೆತ್ತಿಕೊಂಡ ದಿನಕ್ಕೆ ಕುಂಕುಮ. ಮರಿ ಹಾರಿದ ದಿನಕ್ಕೆ ಮತ್ತೆ ಕುಂಕುಮ. ವರ್ಷ ಮುಗಿದರೆ ಕ್ಯಾಲೆಂಡರನ್ನು ಸುರುಳಿ ಸುತ್ತಿ ಟ್ರಂಕಿನಲ್ಲಿ ಇಡುತ್ತಾಳೆ. ಅಂಥ ಹನ್ನೊಂದು ಸುರುಳಿಗಳಿವೆ. ಅವು ಹೇಳುವುದು ಇಷ್ಟೇ: ಒಂದು ಕುಂಕುಮದಿಂದ ಇನ್ನೊಂದು ಕುಂಕುಮಕ್ಕೆ ಎಂಬತ್ತೇಳು ದಿನ, ಒಂದು ದಿನ ಹಿಂದೆ ಅಥವಾ ಮುಂದೆ. ಅದು ಬದಲಾಗುವುದಿಲ್ಲ. ಮೊದಲ ಕುಂಕುಮ ಎಂದು ಬೀಳುತ್ತದೆ ಎಂಬುದು ಮಾತ್ರ ವರ್ಷವರ್ಷಕ್ಕೂ ಬದಲಾಗುತ್ತದೆ. ಶಿವರಾತ್ರಿಯ ಸುಮಾರಿಗೆ ಒಂದೆರಡು ಅಡ್ಡಮಳೆ ಬಿದ್ದರೆ ಅರಳಿ ಬೇಗ ಕಾಯಿ ಕಚ್ಚುತ್ತದೆ, ಹಕ್ಕಿ ಬೇಗ ಒಳಗೆ ಹೋಗುತ್ತದೆ. ಬೇಸಿಗೆ ಒಣಗಿದರೆ ಕಾಯಿ ತಡ, ಹಕ್ಕಿಯೂ ತಡ. ಮರಿ ಬಾಯಿ ತೆರೆಯುವ ಹೊತ್ತಿಗೆ ಹಣ್ಣು ಕೆಂಪಾಗಿರಬೇಕು, ಮೊದಲ ಮಳೆಗೆ ಹುಳುಹುಪ್ಪಡಿ ಎದ್ದಿರಬೇಕು. ಇಷ್ಟನ್ನು ಹಕ್ಕಿ ಮೊದಲೇ ನೋಡಿಕೊಳ್ಳುತ್ತದೆ.

ವಿಠಲ ಇದ್ದಾಗ ಹೇಳುತ್ತಿದ್ದ, "ಟೈಮ್ ಟೇಬಲ್ ಪ್ಯಾಸೆಂಜರ್ ಮಂದಿಗೆ. ನಾ ಟೈಮ್ ಟೇಬಲ್ ನೋಡಿ ಸಿಗ್ನಲ್ ಬಿಟ್ರ ಗಾಡಿ ಗಾಡಿಗೆ ಬಡೀತಾವ. ನನಗ ಲೈನ್ ಕ್ಲಿಯರ್ ಬೇಕು, ಮುಂದಿನ ಹಳಿ ಖಾಲಿ ಐತಂತ." ಹಕ್ಕಿಯೂ ಕ್ಯಾಬಿನ್‌ಮನ್ ಜಾತಿಯದು ಎಂದು ಗೋದಾಬಾಯಿಗೆ ಗೊತ್ತಾದದ್ದು ಅವನು ಹೋದ ಮೇಲೆ.

ಕಾಲೊನಿ ಸಂಘದ ಅಧ್ಯಕ್ಷ ಸೂರ್ಯಕಾಂತ ಮಾತ್ರ ಪಕ್ಕಾ ಟೈಮ್ ಟೇಬಲ್ ಮನುಷ್ಯ. ಕಲಬುರಗಿ ಕಡೆಯ ಮನೆತನ, ಮೂರು ತಲೆಮಾರು ಸರ್ಕಾರಿ ನೌಕರಿ. ತಾನೂ ಯಾವುದೋ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಕುರ್ಚಿ ಹೋಯಿತು, ಸಹಿ ಹಾಕುವ ಚಟ ಹೋಗಲಿಲ್ಲ. ಗೇಟಿನ ಪಕ್ಕದ ಕಪ್ಪು ಬೋರ್ಡಿನಲ್ಲಿ ದಿನಕ್ಕೊಂದು ಆಜ್ಞೆ ಬರೆದು, ಕೆಳಗೆ ಸಹಿ ಜಡಿದು, ದೂರ ನಿಂತು ಒಮ್ಮೆ ನೋಡಿ ಹೋಗುತ್ತಾನೆ.

ಎರಡು ವರ್ಷದ ಹಿಂದೆ ಮರಿ ಹಾರಿದ್ದು ಜೂನ್ ಇಪ್ಪತ್ತೆರಡಕ್ಕೆ. ಅಂದು ಜ್ಯೇಷ್ಠ ಮಾಸದ ಕಾರಹುಣ್ಣಿಮೆ. ಹೋದ ವರ್ಷ ಅಡ್ಡಮಳೆ ಬೇಗ ಬಂದು ಹತ್ತು ದಿನ ಮೊದಲೇ ಹಾರಿದವು. ಅದೂ ಕಾರಹುಣ್ಣಿಮೆಯ ಮರುದಿನ. ಸೂರ್ಯಕಾಂತನಿಗೆ ಇಷ್ಟು ಸಾಕಾಯಿತು. ಸಂಘದ ಸಭೆಯಲ್ಲಿ ಎದ್ದು ನಿಂತು ಭಾಷಣ ಮಾಡಿದ.

"ನೋಡ್ರಿ, ನಮ್ಮ ಕಡೆ ಕಾರಹುಣ್ಣಿಮಿಗೆ ಎತ್ತು ಓಡಿಬಂದು ಕರಿ ತೋರಣ ಹರೀತಾವ. ಅದ ದಿನ ಈ ಪಕ್ಷಿ ಗೋಡಿ ಹರೀತೈತಿ! ಇದು ನಮ್ಮ ಹಿರಿಯರು ಕಂಡ ಸತ್ಯ. ಸೈನ್ಸ್!"

ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತ ಗೋದಾಬಾಯಿ ಕೇಳಿದಳು, "ರಾಯರ, ಹಿರಿಯರು ಕಂಡಿದ್ದು ಯಾವ ವರ್ಷ? ನನ್ನ ಹತ್ರ ಹನ್ನೊಂದು ವರ್ಷದ್ದು ಐತಿ. ಅದರಾಗ ಹುಣ್ಣಿಮಿಗೆ ಕೂಡಿದ್ದು ಎರಡ. ಉಳಿದ ಒಂಬತ್ತು ವರ್ಷ ಹಕ್ಕಿ ಹಿರಿಯರ ಮಾತು ಕೇಳಿಲ್ಲ ಏನ್ರಿ?"

"ಕಾಕೂ, ಚಹಾ ತಗೋರಿ," ಎಂದ ಸೂರ್ಯಕಾಂತ.

ಈ ವರ್ಷ ಶಿವರಾತ್ರಿ ಹೋಯಿತು, ಹೋಳಿ ಹೋಯಿತು, ಯುಗಾದಿ ಬಂತು. ಒಂದು ಹನಿ ಇಲ್ಲ. ಅರಳಿ ಎಲೆ ಉದುರಿಸಿ ಸುಮ್ಮನೆ ನಿಂತಿತ್ತು. ಹೆಣ್ಣು ಹಕ್ಕಿ ಪೊಟರೆಯ ಬಾಯಿಗೆ ಬಂದು ಇಣುಕಿ ಇಣುಕಿ ಹಾರಿಹೋಗುತ್ತಿತ್ತು. ಕೊನೆಗೆ ಕಾಯಿ ಜೋಳದ ಕಾಳಿನಷ್ಟಾದದ್ದು ಮಾರ್ಚ್ ಇಪ್ಪತ್ತೇಳಕ್ಕೆ. ಹೆಣ್ಣು ಒಳಗೆ ಹೋಗಿ ಗೋಡೆ ಮೆತ್ತಿದ್ದು ಮೂವತ್ತಕ್ಕೆ. ಗೋದಾಬಾಯಿ ಕುಂಕುಮ ಇಟ್ಟಳು. ಬೆರಳ ಗಿಣ್ಣಿನ ಮೇಲೆ ಎಣಿಸಿದಳು. ಎಂಬತ್ತೇಳು ದಿನ ಎಂದರೆ ಜೂನ್ ಇಪ್ಪತ್ತೈದು.

ಮೇ ತಿಂಗಳ ಕೊನೆಯ ವಾರ ಗೇಟಿನ ಬೋರ್ಡಿನಲ್ಲಿ ಹೊಸ ಆಜ್ಞೆ ಬಂತು. ಜೂನ್ ಒಂದರಂದು ಬೇವಿನ ಕೊಂಬೆ ಬುಡಕ್ಕೆ ಕಡಿಯಲಾಗುವುದು. ಕಾರಣ ಸುಳ್ಳೇನಲ್ಲ. ಹಿಂದಿನ ಮಳೆಗಾಲದಲ್ಲಿ ಅದೇ ಕೊಂಬೆ ತಂತಿಗೆ ಬಡಿದು ಕಾಲೊನಿ ಎರಡು ದಿನ ಕರೆಂಟಿಲ್ಲದೆ ಕೂತಿತ್ತು. ಆದರೆ ಬುಡ ಎಂದರೆ ಪೊಟರೆ. ಗೋದಾಬಾಯಿ ಚಪ್ಪಲಿ ಮೆಟ್ಟಿಕೊಂಡು ಸೂರ್ಯಕಾಂತನ ಮನೆಗೆ ಹೋದಳು. ಅವನು ಪಡಸಾಲೆಯಲ್ಲಿ ಪಂಚಾಂಗ ಹರಡಿಕೊಂಡು ಕೂತಿದ್ದ.

"ರಾಯರ, ಇಪ್ಪತ್ತೈದರ ತನಕ ಬಿಡ್ರಿ. ಒಳಗ ಮರಿ ಐತಿ."

"ಕಾಕೂ, ನಾ ವಿಚಾರ ಮಾಡದ ಬರದೀನೇನು? ಮೂವತ್ತೊಂದಕ್ಕ ಜ್ಯೇಷ್ಠ ಹುಣ್ಣಿಮಿ. ಹುಣ್ಣಿಮಿಗೆ ಹಕ್ಕಿ ಗೋಡಿ ಒಡೀತದ. ಒಂದಕ್ಕ ನಾವು ಕಡೀತೀವಿ."

"ಈ ವರ್ಷ ಜ್ಯೇಷ್ಠ ಎರಡು ಅದಾವಲ್ರೀ. ನೀವು ಹೇಳೂದು ಅಧಿಕದ್ದು. ಕಾರಹುಣ್ಣಿಮಿ ನಿಜ ಜ್ಯೇಷ್ಠದಾಗ ಬರ್ತದ, ಜೂನ್ ಇಪ್ಪತ್ತೊಂಬತ್ತಕ್ಕ."

ಸೂರ್ಯಕಾಂತ ಇದೇ ಪ್ರಶ್ನೆಗೆ ಕಾದಿದ್ದವನಂತೆ ಕನ್ನಡಕ ತೆಗೆದು ನಕ್ಕ. "ಅಲ್ಲೇ ನೀವು ತಪ್ಪಿದ್ರಿ. ಅಧಿಕ, ನಿಜ ಇವೆಲ್ಲಾ ಮನುಷ್ಯಾರು ಮಾಡಿಕೊಂಡದ್ದು. ಹಕ್ಕಿಗೆ ಗೊತ್ತೇನು? ಅದು ಚಂದ್ರನ್ನ ನೋಡ್ತದ. ಮೊದಲ ಹುಣ್ಣಿಮಿ ಬಂತು, ಒಡೀತು!"

ಗೋದಾಬಾಯಿಗೆ ಅವನ ಗುಣ ಗೊತ್ತಿತ್ತು. ಇವನ ತಲೆಯಲ್ಲಿ ಸರಿಯಾದ ಮಾತೂ ಹುಟ್ಟುತ್ತದೆ, ಹುಟ್ಟಿದ ಕೂಡಲೇ ದಾರಿ ತಪ್ಪುತ್ತದೆ. "ಹಕ್ಕಿಗೆ ಅಧಿಕ ಗೊತ್ತಿಲ್ಲ ಅಂದ್ರಿ, ಖರೇ. ಜ್ಯೇಷ್ಠ ಮಾತ್ರ ಗೊತ್ತೈತೇನ್ರಿ? ಅದಕ್ಕ ಗೊತ್ತಿರೂದು ಅರಳಿಹಣ್ಣು. ಈ ವರ್ಷ ಹಣ್ಣು ತಡಾ ಆತು, ಅದೂ ತಡಾ ಆತು."

"ಹಣ್ಣು ನೋಡಿ ಯಾರರ ಮಕ್ಕಳ ಹಡೀತಾರೇನು?"

"ಬುದ್ಧಿ ಇದ್ದವರು ಹಡೀತಾರ."

ಸೂರ್ಯಕಾಂತ ಪಂಚಾಂಗ ಮಡಚಿದ. ಎದ್ದು ಹೋಗಿರಿ ಎಂದು ಹೇಳುವುದಕ್ಕೆ ಅವನಲ್ಲಿದ್ದ ಕಚೇರಿಯ ರೀತಿ ಅದು.

ಅವನ ಹೆಂಡತಿ ಕುಮುದಾ ಅಡುಗೆಮನೆಯಲ್ಲಿ ಅಕ್ಕಿಹಿಟ್ಟು ಬೆಲ್ಲದ ಅನಾರಸ ಕರಿಯುತ್ತಿದ್ದಳು. ಅಧಿಕ ಮಾಸದಲ್ಲಿ ಮಗಳು ಅಳಿಯನನ್ನು ಕರೆದು ಮೂವತ್ತಮೂರು ಅನಾರಸ ವಾಯನ ಕೊಡುವುದು ಅವರ ಮನೆತನದ ಪದ್ಧತಿ. ಮಗಳು ಪ್ರಾಜಕ್ತಾಳಿಗೆ ಏಳು ತಿಂಗಳು ತುಂಬಿತ್ತು. ಗೋದಾಬಾಯಿ ಹೊಸ್ತಿಲಲ್ಲಿ ನಿಂತಳು. ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದಳು. ಆಮೇಲೆ ಹೇಳಿಯೇಬಿಟ್ಟಳು.

"ಕುಮುದಾ, ಅಧಿಕದಾಗ ಮನಿ ಕಟ್ಟಂಗಿಲ್ಲ, ಲಗ್ನ ಮಾಡಂಗಿಲ್ಲ. ಬಾಣಂತಿ ಮನಿ ಕೆಡವಬಹುದೇನವಾ?"

"ಯಾರ ಬಾಣಂತಿ, ಕಾಕೂ?"

"ಬೇವಿನ ಗಿಡದಾಗ ಒಬ್ಬಾಕಿ ಕೂತಾಳ, ಬಾಗಲಾ ಹಾಕ್ಕೊಂಡು. ನಿನ್ನ ಗಂಡ ಒಂದನೇ ತಾರೀಕಿಗೆ ಕೊಡಲಿ ಹಚ್ಚಾಂವ ಇದ್ದಾನ. ನಿನ್ನ ಮಗಳು ಬರೂದು ಎಂದು?"

ಕುಮುದಾ ಕೈಯಲ್ಲಿದ್ದ ಜಾಲರಿ ಸೌಟನ್ನು ಹಾಗೇ ಬಾಣಲಿಯ ಮೇಲೆ ಬಿಟ್ಟಳು. ಎಣ್ಣೆಯಲ್ಲಿದ್ದ ಅನಾರಸ ಕರ್ರಗಾಯಿತು. ಪಡಸಾಲೆಗೆ ಹೋಗಿ ಏನು ಹೇಳಿದಳೋ, ಸಂಜೆಯ ಹೊತ್ತಿಗೆ ಬೋರ್ಡಿನಲ್ಲಿ ಜೂನ್ ಒಂದು ಅಳಿಸಿ ಜೂನ್ ಹದಿನಾರು ಎಂದು ಬರೆದಿತ್ತು. ಅಧಿಕ ಮಾಸ ಮುಗಿಯುವುದು ಹದಿನೈದಕ್ಕೆ.

ಗೋದಾಬಾಯಿ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತಳು. ಖುಷಿಯಾಗಬೇಕಿತ್ತು, ಆಗಲಿಲ್ಲ. ಹಕ್ಕಿಗೆ ಅಧಿಕ ಮಾಸವಿಲ್ಲ ಎಂದು ಬಲ್ಲವಳು ಅಧಿಕ ಮಾಸದ ಹೆಸರು ಹೇಳಿ ಗೆದ್ದಿದ್ದಳು. ಹನ್ನೊಂದು ಸುರುಳಿ ಕ್ಯಾಲೆಂಡರಿಗೆ ಕಿವಿ ಕೊಡದ ಮನೆ ಒಂದು ಹೆದರಿಕೆಯ ಮಾತಿಗೆ ಕಿವಿ ಕೊಟ್ಟಿತ್ತು. ಅವರ ಸಾಲಿನಲ್ಲಿ ತಾನೂ ಹೋಗಿ ನಿಂತಂತಾಯಿತಲ್ಲ ಎಂದು ತನ್ನ ಮೇಲೇ ಹೇಸಿಕೆಯಾಯಿತು. ಸಾಲದ್ದಕ್ಕೆ, ಗೆದ್ದದ್ದೂ ಅರ್ಧ. ಹದಿನಾರರಿಂದ ಇಪ್ಪತ್ತೈದಕ್ಕೆ ಇನ್ನೂ ಒಂಬತ್ತು ದಿನ ಕಡಿಮೆ.

ಮೂವತ್ತೊಂದರ ಹುಣ್ಣಿಮೆ ಬಂತು, ಹೋಯಿತು. ಗೋಡೆ ಗೋಡೆಯಾಗಿಯೇ ಇತ್ತು. ಸೂರ್ಯಕಾಂತ ಮರುದಿನ ಬೆಳಿಗ್ಗೆ ಮರದ ಕೆಳಗೆ ಹತ್ತು ನಿಮಿಷ ನಿಂತು, ಮೋಡ ಇತ್ತು, ಚಂದ್ರ ಸರಿಯಾಗಿ ಕಂಡಿರಲಿಕ್ಕಿಲ್ಲ ಎಂದು ಹೇಳಿ ಹೋದ.

ಜೂನ್ ಹದಿಮೂರಕ್ಕೆ ಅವನ ದೆಸೆ ತಿರುಗಿತು. ಆ ಬೆಳಿಗ್ಗೆ ತಾಯಿ ಹಕ್ಕಿ ಗೋಡೆ ಒಡೆದು ಹೊರಬಂತು. ಎಪ್ಪತ್ತೈದು ದಿನ ಮಡಚಿ ಕೂತ ಮೈ, ಸವೆದ ಬಾಲ. ತಂತಿಯ ಮೇಲೆ ಕೂತು ರೆಕ್ಕೆಯನ್ನು ಒಂದೊಂದಾಗಿ ಬಿಡಿಸಿತು. ಸೂರ್ಯಕಾಂತ ಲುಂಗಿಯಲ್ಲೇ ಓಡಿಬಂದ.

"ಬಂತಲ್ರೀ ಹೊರಗ! ನಾ ಹೇಳಿದ್ದಿಲ್ಲಾ? ಹುಣ್ಣಿಮಿ ಅಂದ್ರ ಹುಣ್ಣಿಮಿ. ಹದಿನೈದು ದಿನ ಹಿಂದ ಮುಂದ ಆಗ್ತದ!"

"ತಾಯಿ ಬಂದಾಳ. ಮಕ್ಕಳು ಒಳಗ ಅದಾವ," ಎಂದಳು ಗೋದಾಬಾಯಿ. "ಒಬ್ಬನ ದುಡಿಮಿ ಸಾಲಂಗಿಲ್ಲಂತ ಆಕೀನೂ ಹೊರಗ ಬಂದಾಳ. ಇನ್ನ ಹನ್ನೆರಡು ದಿನ."

"ತಾಯಿ ಹೊರಗ ಬಂದ ಮ್ಯಾಲೆ ಮನಿ ಖಾಲಿ, ಕಾಕೂ. ಇಷ್ಟು ಸಣ್ಣ ಮಾತು ತಿಳೀವಲ್ದೇನು?" ಎಂದು ಅವನು ಎಲ್ಲರಿಗೂ ಕೇಳುವಂತೆ ನಕ್ಕ. ನಿಂತವರೂ ನಕ್ಕರು. ಆ ನಗುವ ಬಾಯಿಗಳನ್ನು ಗೋದಾಬಾಯಿ ಒಂದೊಂದಾಗಿ ನೋಡಿದಳು. ಎಲ್ಲರೂ ಅವಳ ಲೆಕ್ಕದ ತೊಂಬತ್ತರಲ್ಲೇ ಬರುತ್ತಿದ್ದರು.

ಅವಳು ಮೆಟ್ಟಿಲಿಗೆ ಹೋಗಿ ಕೂತಳು. ಅಂದು ಮಧ್ಯಾಹ್ನದ ತನಕ ಕೂತೇ ಇದ್ದಳು. ಒಡೆದ ಬಾಯಿಯಲ್ಲಿ ಮೊದಲು ಒಂದು ಪುಟ್ಟ ಕೊಕ್ಕು ಕಂಡಿತು. ಆಮೇಲೆ ಆ ಕೊಕ್ಕು ಒಳಗಿನಿಂದ ಒದ್ದೆ ಗಾರೆಯನ್ನು ಒತ್ತತೊಡಗಿತು. ಸ್ವಲ್ಪ ಒತ್ತುವುದು, ನಿಲ್ಲುವುದು, ಮತ್ತೆ ಒತ್ತುವುದು. ಮರುದಿನ ಸಂಜೆಗೆ ಮೊದಲಿನ ಹಾಗೇ ಗೋಡೆ, ಮೊದಲಿನ ಹಾಗೇ ಸೀಳು. ಹತ್ತು ನಿಮಿಷ ನೋಡಿ ಹೋಗುವವರಿಗೆ ಅದು ಕಾಣುವಂಥದ್ದಲ್ಲ.

ಹದಿನಾರರ ಬೆಳಿಗ್ಗೆ ಮರ ಕಡಿಯುವ ಅಮರೇಶಪ್ಪ ಹಗ್ಗ ಕೊಡಲಿ ಹೊತ್ತು ಬಂದ. ಲಿಂಗಸುಗೂರಿನವನು. ಇಪ್ಪತ್ತು ವರ್ಷದಿಂದ ಕುಷಾಯಿಗೂಡದಲ್ಲಿದ್ದಾನೆ. ಮಿರಗದ ಮಳೆ, ಅಂದರೆ ಮೃಗಶಿರಾ ನಕ್ಷತ್ರ, ಕೂಡಿ ಎಂಟು ದಿನವಾಗಿದ್ದರೂ ಒಂದು ಹನಿ ಬಿದ್ದಿರಲಿಲ್ಲ. ನೆಲ ಕಾದ ಹೆಂಚಿನಂತಿತ್ತು. ಆಕಾಶದಲ್ಲಿ ಮಾತ್ರ ಮೋಡ ದಟ್ಟೈಸಿತ್ತು. ಸೂರ್ಯಕಾಂತ ಕುರ್ಚಿ ತರಿಸಿಕೊಂಡು ಕೂತ. ಪಕ್ಕದಲ್ಲಿ ಕುಮುದಾ ನಿಂತಿದ್ದಳು.

ಗೋದಾಬಾಯಿ ಅಮರೇಶಪ್ಪನಿಗೆ ಅಡ್ಡ ನಿಲ್ಲಲಿಲ್ಲ, ಕೈ ಮುಗಿಯಲಿಲ್ಲ. ಒಂದೇ ಮಾತು ಹೇಳಿದಳು.

"ಏ ಅಮರೇಶಪ್ಪ, ಹತ್ತತಿ ಹೌದಲ್ಲ? ಹತ್ತಿದ ಮ್ಯಾಲೆ ಆ ಮುಚ್ಚಿದ ತೂತಿಗೆ ಒಂದು ಬೆರಳ ಹಚ್ಚಿ ನೋಡು. ಮಣ್ಣು ಒಣಗೇತೋ ಹಸೀ ಐತೋ, ಅಷ್ಟ ಹೇಳು."

"ಅದಕ್ಕೇನಾತು ಬಿಡಬೇ ಯವ್ವಾ," ಎಂದು ಅವನು ಹತ್ತಿದ. ಹಗ್ಗ ಬಿಗಿದ. ಕೊಂಬೆಯ ಮೇಲೆ ಕವುಚಿ ಕೂತು ಕೈ ಚಾಚಿದ. ಕೆಳಗಿದ್ದವರೆಲ್ಲ ಕತ್ತು ಮೇಲೆತ್ತಿದರು.

"ಹಸೀ ಐತಬೇ! ಅಂಟಾಕತ್ತೈತಿ!" ಎಂದವನು ಮರುಗಳಿಗೆಗೆ, "ಯಪ್ಪಾ!" ಎಂದು ಕೈ ಹಿಂದಕ್ಕೆಳೆದ. ಸೀಳಿನಿಂದ ಒಂದು ಕೊಕ್ಕು ಬಂದು ಬೆರಳಿಗೆ ಕುಟುಕಿ ಒಳಗೆ ಹೋಗಿತ್ತು. ರಕ್ತ ಜಿನುಗಿತು. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡು ನಗತೊಡಗಿದ. "ಒಳಗ ಮಂದಿ ಅದಾರ್ರೀ ಸಾಹೇಬ್ರ! ಬಾಡಿಗಿ ಕೇಳಾಕ ಬಂದೀನಂತ ತಿಳಕೊಂಡ್ರು!"

ಕುಮುದಾ ಸೆರಗು ಬಾಯಿಗಿಟ್ಟುಕೊಂಡಳು. ಸೂರ್ಯಕಾಂತ ಕುರ್ಚಿಯಿಂದ ಎದ್ದ.

"ಹಸೀ ಇದ್ರೇನಾತು? ತಾಯಿ ಮೆತ್ತಿರಬೇಕು."

"ತಾಯಿ ಹೊರಗ ಐತಂತ ಕಾಲೊನಿಗೆಲ್ಲಾ ಸಾರಿದವರು ನೀವ," ಎಂದಳು ಗೋದಾಬಾಯಿ. "ಮೂರು ದಿನದಿಂದ ಹೊರಗ ಐತಿ. ಮಳಿ ಇಲ್ಲ, ಮಂಜಿಲ್ಲ. ಈ ಧಗಿಯಾಗ ಹಸೀ ಮಣ್ಣು ಎಲ್ಲಿಂದ ಬಂತು? ಒಳಗಿನ ಮಕ್ಕಳು ದಿನಾ ಮೆತ್ತಾಕತ್ತಾವ."

"ಕಣ್ಣು ಬಿಟ್ಟು ಎರಡು ತಿಂಗಳಾಗದ ಮರಿಗೆ ಗಾರಿ ಕೆಲಸ ಯಾರು ಕಲಿಸಿದ್ರು?"

"ನಿಮ್ಮ ಪಂಚಾಂಗ ಅಂತೂ ಅಲ್ಲ."

ಅಷ್ಟರಲ್ಲಿ ಗಂಡು ಹಕ್ಕಿ ಬಂತು. ಕೊಕ್ಕಿನ ತುದಿಯಲ್ಲಿ ಕೆಂಪು ಅರಳಿಹಣ್ಣು. ಕೊಂಬೆಯ ಮೇಲೆ ಮನುಷ್ಯನನ್ನು ಕಂಡು ತಂತಿಯ ಮೇಲೆ ಕೂತಿತು. ಹಣ್ಣು ನುಂಗಲಿಲ್ಲ, ಹಾರಿಹೋಗಲಿಲ್ಲ. ಸುಮ್ಮನೆ ಕಾಯತೊಡಗಿತು. ಅಮರೇಶಪ್ಪ ಅದನ್ನು ನೋಡಿದ, ತನ್ನ ಕೊಡಲಿ ನೋಡಿದ, ಹಗ್ಗ ಸಡಿಲಿಸಿ ಕೆಳಗಿಳಿದ. ಅವನು ನೆಲ ಮುಟ್ಟುವುದಕ್ಕೂ ಹಕ್ಕಿ ಪೊಟರೆಗೆ ಹಾರುವುದಕ್ಕೂ ಸರಿಹೋಯಿತು. ಸೀಳಿನಲ್ಲಿ ಹಣ್ಣು ಹೋಯಿತು. ಒಂದಲ್ಲ, ನಾಲ್ಕು. ಗಂಟಲಿನಿಂದ ಒಂದೊಂದಾಗಿ ತೆಗೆದು ಕೊಟ್ಟಿತು.

"ನಾ ಇದನ್ನ ಇವತ್ತ ಕಡಿಯಂಗಿಲ್ರಿ ಸಾಹೇಬ್ರ," ಎಂದ ಅಮರೇಶಪ್ಪ.

"ಮತ್ತ ತಂತಿ? ನಾಳೆ ಗಾಳಿ ಬಿಟ್ರ ಕರೆಂಟ್ ಹೋದದ್ದಕ್ಕ ಯಾರು ಜವಾಬು?"

"ತಂತಿಗೆ ಬಡಿಯೂದು ತುದಿಯ ಟೊಂಗಿ. ರಸ್ತಾ ಕಡಿಂದ ಉದ್ದ ಕೋಲಿಗೆ ಕುಡುಗೋಲು ಕಟ್ಟಿ ತೆಗೀತೀನಿ. ಗಿಡ ಅಲುಗಾಡಂಗಿಲ್ಲ. ಬುಡಕ್ಕ ಕಡೀರಿ ಅಂತ ನಿಮಗ ಹೇಳಿದಾಂವ ಯಾಂವ?"

ಹೇಳಿದವನು ಎದುರಿಗೇ ನಿಂತಿದ್ದ. ಬುಡಕ್ಕೆ ಕಡಿಯಿರಿ ಎಂದು ಬೋರ್ಡಿನಲ್ಲಿ ಬರೆದರೆ ಗತ್ತು ಹೆಚ್ಚು ಎನ್ನುವುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿರಲಿಲ್ಲ. ಸೂರ್ಯಕಾಂತ ಕೆಮ್ಮಿದ. ಕುಮುದಾ ಅವನ ಕಡೆ ತಿರುಗದೆ ಗಾಳಿಗೆ ಹೇಳಿದಂತೆ ಹೇಳಿದಳು, "ಇಷ್ಟು ದಿನ ತಡದೀರಿ. ಇನ್ನೊಂಬತ್ತು ದಿನ ತಡದ್ರ ನಿಮ್ಮ ಪೆನ್ಷನ್ ನಿಲ್ಲಂಗಿಲ್ಲ."

ಅಮರೇಶಪ್ಪ ಮಧ್ಯಾಹ್ನದೊಳಗೆ ತುದಿಯ ಟೊಂಗೆಗಳನ್ನು ಕೊಯ್ದು ಹಾಕಿದ. ಹದಿನೆಂಟರ ಸಂಜೆ ಗಾಳಿ ಮಳೆ ಎರಡೂ ಕೂಡಿ ಬಂದವು. ತಂತಿಗೆ ಏನೂ ಬಡಿಯಲಿಲ್ಲ, ಕರೆಂಟ್ ಹೋಗಲಿಲ್ಲ. ಗೋದಾಬಾಯಿ ಅರಿಶಿನದ ಬೊಟ್ಟು ಇಟ್ಟಳು. ಬುಡ ಕಡಿಯುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಇಪ್ಪತ್ತನಾಲ್ಕರ ಬೆಳಿಗ್ಗೆ ಆರು ಗಂಟೆಗೆ ಗೋಡೆ ಒಡೆಯಿತು. ಮೊದಲ ಮರಿ ಪೊಟರೆಯ ಬಾಯಿಯಲ್ಲಿ ಬಹಳ ಹೊತ್ತು ಕೂತು, ಬಿದ್ದೇ ಬಿಟ್ಟಿತೋ ಎನ್ನುವ ಹಾಗೆ ಹಾರಿ, ಹುಣಸೆಯ ಕೊಂಬೆಗೆ ಜೋತುಬಿತ್ತು. ಗೋದಾಬಾಯಿ ಕುಂಕುಮ ಇಟ್ಟಳು. ಇಪ್ಪತ್ತೈದಕ್ಕೆ ಏನೂ ಆಗಲಿಲ್ಲ. ಎರಡನೆಯದು ಬಾಯಿಗೆ ಬಂದು ಬಂದು ಒಳಗೆ ಹೋಯಿತು. ಇಪ್ಪತ್ತಾರಕ್ಕೆ ಅದೂ ಹಾರಿತು. ಮತ್ತೊಂದು ಕುಂಕುಮ. ಕ್ಯಾಲೆಂಡರಿನಲ್ಲಿ ತಾನು ಹೇಳಿದ ತಾರೀಕಿನ ಮನೆ ಖಾಲಿ ಉಳಿದದ್ದು ಅವಳಿಗೆ ಸ್ವಲ್ಪ ಚುಚ್ಚಿತು. ಆದರೆ ಖಾಲಿ ಇದ್ದದ್ದನ್ನು ಖಾಲಿಯೇ ಬಿಟ್ಟಳು.

ತಿಂಗಳ ಕೊನೆಗೆ ಗೇಟಿನ ಬೋರ್ಡಿನ ಮುಂದೆ ಜನ ನಿಂತಿದ್ದರು. ತೆಲುಗಿನಲ್ಲಿ ಬರೆದು ಕೆಳಗೆ ಕನ್ನಡದಲ್ಲೂ ಬರೆದಿತ್ತು. ಗೋದಾಬಾಯಿ ಚೀಲ ಕೆಳಗಿಟ್ಟು ಅಕ್ಷರ ಕೂಡಿಸುತ್ತಾ ಓದಿದಳು. ಜೂನ್ ಇಪ್ಪತ್ತೈದು, ಮಂಗಟ್ಟೆ ಪಕ್ಷಿಯ ಬಿಡುಗಡೆ ದಿನ. ಸಂಘದ ಸಂಶೋಧನೆಯಿಂದ ಸಿದ್ಧಪಟ್ಟಿರುವಂತೆ, ಪ್ರತಿ ವರ್ಷವೂ ಇದೇ ದಿನ ಆಚರಿಸಲಾಗುವುದು. ಕೆಳಗೆ ಸಹಿ.

ಪಕ್ಕದಲ್ಲಿ ಕುಮುದಾ ಮೊಸರಿನ ಪಾತ್ರೆ ಹಿಡಿದು ನಿಂತಿದ್ದಳು.

"ಏ ಕುಮುದಾ, ಮುಂದಿನ ವರ್ಷ ಮಳಿ ಎಂದು ಬೀಳ್ತದ ಅನ್ನೂದು ನಿನ್ನ ಗಂಡಗ ಈಗ ಗೊತ್ತೈತೇನು?"

"ಅವರಿಗೇನು ಗೊತ್ತಿಲ್ಲ, ಕಾಕೂ?" ಎಂದಳು ಕುಮುದಾ. ಅವಳ ಮುಖದಲ್ಲಿ ನಗು ಇರಲಿಲ್ಲ, ಕಣ್ಣಲ್ಲಿತ್ತು. "ಮರಿ ಹಾರಿದ್ದು ಇಪ್ಪತ್ತೈದಕ್ಕ ಹೌದಲ್ಲ?"

"ಅಲ್ಲ."

"ಮತ್ತ ಹೇಳ್ರಿ, ತಿದ್ದಸ್ತೀನಿ."

ಗೋದಾಬಾಯಿ ಬೋರ್ಡನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಅಕ್ಷರ ದುಂಡಗಿದ್ದವು, ಸಹಿ ಅದಕ್ಕಿಂತ ದುಂಡಗಿತ್ತು. "ಬ್ಯಾಡ ಬಿಡು," ಎಂದಳು. "ಹಕ್ಕಿ ಇದನ್ನ ಓದಂಗಿಲ್ಲ."

ಚೀಲ ಎತ್ತಿಕೊಂಡು ಮನೆಗೆ ನಡೆದಳು.